ಮನೆಯ ಆರೋಗ್ಯ: ನಾರು ಹೋಯಿತು, ಜಂತು ಉಳಿಯಿತು

ಶ್ರಾವಕ ಬಂಧುಗಳೇ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಿರಿಯರು ನಾರುಹುಣ್ಣಿನ ಹೆಸರು ಕೇಳಿರುತ್ತೀರಿ. ಅದನ್ನು ಗುರುತಿಸಲು ಪುಸ್ತಕ ಬೇಕಿರಲಿಲ್ಲ. ಕಾಲಿನ ಬೊಬ್ಬೆಯಿಂದ ಹುಳುವೇ ಹೊರಬರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಅದು ಬರುತ್ತಿರಲಿಲ್ಲ. ನಾವು ಸೋಸುವುದು ಜೀವದಯೆಗೆ. ಲಾಭ ನಮಗೂ ಆಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಮುಕ್ತವೆಂದು ಸಾರಿತು.

ಕೊಕ್ಕೆಹುಳು ಹಾಗಲ್ಲ. ಬರಿಗಾಲಿನಿಂದ ಒಳಹೊಕ್ಕು, ಕರುಳಲ್ಲಿ ರಕ್ತ ಹೀರುತ್ತದೆ. ಅದರ ಮೊಟ್ಟೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತದೆ. ಇಂಥ ಮೊಟ್ಟೆಗಳ ಆಕಾರ, ಅಳತೆ ಹೋಲಿಸಿ ನೋಡಲು ಅದೇ ಸಂಸ್ಥೆ 1994ರಲ್ಲಿ ಚಿತ್ರಗಳ ಕೈಪಿಡಿ ತಂದಿತು. 2019ರಲ್ಲಿ ಎರಡನೆಯ ಆವೃತ್ತಿ.

ಗಲ್ಲಾ ಬಿಟ್ಟೇಳಲಾಗದೆ ಗುಳಿಗೆ ತರಿಸಿ ನುಂಗಿಸುವವರು ನಾವು. ಮಗು ಬಿಳಿಚಿಕೊಂಡರೆ ವೈದ್ಯರಿಗೆ ತೋರಿಸಿ, ಮಲಪರೀಕ್ಷೆ ಮಾಡಿಸೋಣ. ಮೊದಲ ಸಲ ಏನೂ ಸಿಗದಿದ್ದರೆ ಬೇರೆ ದಿನ ಮತ್ತೆ ಕೊಡಬೇಕು. ಮೊಟ್ಟೆಗಳು ಪ್ರತಿಸಲವೂ ಕಾಣಿಸುವುದಿಲ್ಲ.