ಮೂರು ಗಿಡ, ಮೂರು ಸಾವಿರ ಕೆಲ್ವಿನ್

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಸ್ವಂತ ಬಳಕೆಗೆ ಮನೆಯಲ್ಲಿ ಮೂರು ಗಾಂಜಾ ಗಿಡಗಳನ್ನು ಬೆಳೆಸಬಹುದು. ಇಲ್ಲಿನ ಮಂಕು ಚಳಿಗಾಲದಲ್ಲಿ ಅದಕ್ಕೆ ದೀಪ ಬೇಕೇ ಬೇಕು. ಹಾಗಾಗಿ ಕಾನೂನಿನ ಚರ್ಚೆಯೀಗ ದೀಪದ ಅಂಗಡಿಯನ್ನು ತಲುಪಿದೆ: ಹೂ ಬಿಡುವ ಹಂತಕ್ಕೆ ಎಷ್ಟು ಕೆಲ್ವಿನ್?

ಎಲೆಗೆ 6500ರ ಬಿಳಿ ಬೆಳಕು, ಹೂವಿಗೆ 2700ರಿಂದ 3000ರ ಹಳದಿ ಬೆಳಕು ಎಂಬುದು ರೂಢಿಯ ಉತ್ತರ. ಇದು ನಿರಾಧಾರವಲ್ಲ. ಹಳದಿ ಛಾಯೆಯಲ್ಲಿ ಕೆಂಪಿನ ಅಂಶ ಹೆಚ್ಚು. ನೀಲಿಯ ಅಂಶ ಗಿಡವನ್ನು ಗಿಡ್ಡವಾಗಿಡುತ್ತದೆ. ಆದರೆ ಕೆಲ್ವಿನ್ ಎಂಬುದು ಬೆಳಕು ಮನುಷ್ಯನ ಕಣ್ಣಿಗೆ ತೋರುವ ಬಣ್ಣದ ಅಳತೆ, ಗಿಡದ ಆಹಾರದ ಅಳತೆಯಲ್ಲ. ಸಾಮಾನ್ಯ ತಳಿಗಳನ್ನು ಹೂವಿಗೆ ತಿರುಗಿಸುವುದು ಬಣ್ಣವಲ್ಲ, ದಿನಕ್ಕೆ ಸುಮಾರು 12 ಗಂಟೆಗಳ ಅಖಂಡ ಕತ್ತಲೆ. ಇಳುವರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಲೆಯ ಮೇಲೆ ಬೀಳುವ ಬೆಳಕಿನ ಪ್ರಮಾಣ. ಅದರ ಅಳತೆ ಮೈಕ್ರೋಮೋಲ್.

200 ವ್ಯಾಟ್ ದೀಪ ದಿನಕ್ಕೆ 12 ಗಂಟೆಯಂತೆ 60 ದಿನ ಉರಿದರೆ 144 ಯೂನಿಟ್. ಮನೆಬಳಕೆಯ ವಿದ್ಯುತ್ತು ಯುರೋಪಿನಲ್ಲೇ ಅತಿ ದುಬಾರಿಯಾಗಿರುವ ದೇಶಗಳಲ್ಲಿ ಜರ್ಮನಿಯೂ ಒಂದು. ಕಾನೂನು ಗಿಡಗಳನ್ನು ಎಣಿಸಿತು, ಮಕ್ಕಳ ಕೈಗೆ ಸಿಗಬಾರದೆಂದಿತು, ನೆರೆಯವರಿಗೆ ತೊಂದರೆಯಾಗಬಾರದೆಂದಿತು. ದೀಪದ ಲೆಕ್ಕವನ್ನು ಮಾತ್ರ ಮಾರಾಟಗಾರನಿಗೆ ಬಿಟ್ಟಿತು. ದೀಪದ ಪೆಟ್ಟಿಗೆಯ ಮೇಲೆ ಕೆಲ್ವಿನ್ನಿನ ಜೊತೆ ಮೈಕ್ರೋಮೋಲ್ ನಮೂದಿಸುವುದು ಕಡ್ಡಾಯವಾಗಬೇಕೆಂಬುದು ನನ್ನ ಅಭಿಮತ.

ನಮ್ಮವರಿಗೆ ಇನ್ನೊಂದು ಮಾತು. ಈ ಅನುಮತಿ ಜರ್ಮನಿಯ ಗಡಿಯೊಳಗಿನದು. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಊರಿಗೆ ಹೊರಡುವ ಪೆಟ್ಟಿಗೆಯಲ್ಲಿ ಈ ಹೂವಿಗೆ ಜಾಗವಿಲ್ಲ.