ಮೋಗ್ಲಿಗೆ ಕನ್ನಡ ಬರುತ್ತಿರಲಿಲ್ಲ

ಭಾನುವಾರದ ಕಾರ್ಟೂನುಗಳನ್ನು ನೆನೆದು ಕರಗುವವರ ಸಾಲಿನಲ್ಲಿ ನಾನೂ ಇದ್ದೇನೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು, ಎಲ್ಲಿ ಬೆಳೆದಿದ್ದರೂ ತೊಂಬತ್ತರ ದಶಕದ ಮಕ್ಕಳ ಕಥೆ ಒಂದೇ: ದೂರದರ್ಶನದಲ್ಲಿ 'ಜಂಗಲ್ ಬುಕ್', ಮನೆ ಮೇಲೆ ಹತ್ತಿ ಆಂಟೆನಾ ತಿರುಗಿಸುವ ಅಣ್ಣ, "ಬಂತಾ?" "ಬಂತು, ಬಂತು, ಹೋಯ್ತು!" ಎಂಬ ಕೂಗಾಟ, ಸರಿಯಾಗಿ ಶೇರ್ ಖಾನ್ ಬರುವ ಹೊತ್ತಿಗೆ ಹೋಗುವ ಕರೆಂಟು. ಆ ಕಾಲವೇ ಚಂದ, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ ಎಂದು ಮಾತು ಮುಗಿಸುತ್ತೇವೆ.

ಮುಗಿಸುವ ಮೊದಲು ಒಂದು ಪ್ರಶ್ನೆ. ಮೋಗ್ಲಿ ಏನು ಮಾತಾಡುತ್ತಿದ್ದ, ನೆನಪಿದೆಯೇ? ನನಗಿಲ್ಲ. ಅವನು ಆಡುತ್ತಿದ್ದದ್ದು ಹಿಂದಿ, ನನಗೆ ಹಿಂದಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿ "ಆ ಕರಡಿ ಏನಂತೈತ್ಲಾ ಮಗ?" ಎಂದು ಕೇಳುತ್ತಿದ್ದಳು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅಷ್ಟೊಂದು ಕಥೆ ಬಲ್ಲ ಅಜ್ಜಿ ಕೆಲವೇ ದಿನಕ್ಕೆ ಕೇಳುವುದನ್ನು ಬಿಟ್ಟು ಎದ್ದು ಒಳಗೆ ಹೋದಳು.

ನಮ್ಮ ಹಳಹಳಿಕೆ ಮುಚ್ಚಿಡುವುದು ಇದನ್ನೇ. ನಾವು ಮೆಚ್ಚಿದ ಆ 'ಜಂಗಲ್ ಬುಕ್' ಕೂಡ ಡಬ್ಬಿಂಗೇ. ಕಿಪ್ಲಿಂಗ್ ಇಂಗ್ಲಿಷಿನಲ್ಲಿ ಬರೆದ ಕಥೆಯನ್ನು 1989ರಲ್ಲಿ ಜಪಾನಿನವರು ಕಾರ್ಟೂನು ಮಾಡಿದರು. ಅದು ಹಿಂದಿಗೆ ಬಂದಾಗ ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ನಾನಾ ಪಾಟೇಕರ್ ಶೇರ್ ಖಾನನಿಗೆ ದನಿಯಾದರು. ಡಬ್ಬಿಂಗಿನಿಂದ ಅಲ್ಲಿ ಕವಿಗೆ, ನಟನಿಗೆ ಕೆಲಸ ಸಿಕ್ಕಿತು. ಕನ್ನಡಕ್ಕೆ ಮಾತ್ರ ಅದು ಬರಲಿಲ್ಲ. ದೆಹಲಿಯಿಂದ ಹಿಂದಿ ಬಂತು ಎನ್ನುವುದು ನಿಜ. ಕನ್ನಡಕ್ಕೆ ತರುವ ಬಾಗಿಲನ್ನು ನಾವೇ ಮುಚ್ಚಿಕೊಂಡಿದ್ದೆವು ಎನ್ನುವುದೂ ಅಷ್ಟೇ ನಿಜ.

ಡಬ್ಬಿಂಗನ್ನು ತಡೆಯುವ ಕಾನೂನು ಇರಲಿಲ್ಲ. ಇದ್ದದ್ದು 1960ರ ದಶಕದ ಚಳವಳಿಯಿಂದ ಬಂದ ಕಟ್ಟುಪಾಡು. ಅದರ ಮುಂಚೂಣಿಯಲ್ಲಿದ್ದ ಅ.ನ.ಕೃ. ಅವರ ಹೆಸರಿನ 'ಅ' ನಮ್ಮ ಅರಕಲಗೂಡೇ. ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕನ್ನಡ ಚಿತ್ರರಂಗ ಆಗಿನ್ನೂ ಎಳೆಯ ಸಸಿ. ಬೇಲಿ ಬೇಕಿತ್ತು, ಹಾಕಿದರು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಸಸಿ ಮರವಾದ ಮೇಲೂ ಬೇಲಿ ಕೀಳಲಿಲ್ಲವಲ್ಲ? ಮಾತಾಡುವ ಕರಡಿ ಕನ್ನಡದ ಯಾವ ನಟನ ಅನ್ನ ಕಸಿಯುತ್ತಿತ್ತು? ಮಕ್ಕಳಿಗೆಂದೇ ಕನ್ನಡದಲ್ಲಿ ಚಿಂಟು ಟಿವಿ ಬಂದದ್ದು 2009ರಲ್ಲಿ. ಡಬ್ಬಿಂಗಿಗೆ ಅಡ್ಡಿ ಮಾಡುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ನಮ್ಮ ಬಾಲ್ಯ ಮುಗಿದಿತ್ತು. ಅಜ್ಜಿಯೂ ಇರಲಿಲ್ಲ.

"ಅರ್ಥವಾಗದಿದ್ದರೂ ನಕ್ಕೆವಲ್ಲ, ಹಾಗೇ ಹಿಂದಿ ಕಲಿತೆವಲ್ಲ" ಎನ್ನುವ ಗೆಳೆಯರಿದ್ದಾರೆ. ಕಲಿತೆವು, ಸಂತೋಷ. ಅದರ ಜೊತೆಗೇ ಇನ್ನೊಂದನ್ನೂ ಕಲಿತೆವು: ಕನ್ನಡ ಇರುವುದು ಪಾಠಕ್ಕೆ, ಬೈಗುಳಕ್ಕೆ, ಮಜಾ ಏನಿದ್ದರೂ ಬೇರೆ ಭಾಷೆಯಲ್ಲಿ. ಹಾಗೆ ಕಲಿತವರೇ ಈಗ ಅಪ್ಪ ಅಮ್ಮ. ಕನ್ನಡದಲ್ಲೇ ಕಾರ್ಟೂನು ಸಿಗುವ ಇವತ್ತೂ "ಸ್ಕೂಲಿಗೆ ಅನುಕೂಲ" ಎಂದು ಇಂಗ್ಲಿಷಿನದನ್ನೇ ಹಾಕಿ ಮಗುವಿನ ಕೈಗೆ ಮೊಬೈಲು ಕೊಡುತ್ತೇವೆ. ಅಂದು ಬೇಲಿ ಹಾಕಿದವರನ್ನು ಬೈಯಬಹುದು. ಇಂದಿನ ಬೇಲಿ ಯಾರದು?

ಹಳೆಯ ಕಾರ್ಟೂನಿನ ಚಿತ್ರ ಹಂಚಿಕೊಂಡು ನಿಟ್ಟುಸಿರು ಬಿಟ್ಟರೆ ಏನೂ ಖರ್ಚಾಗುವುದಿಲ್ಲ. ಅದರ ಬದಲು ಈ ಭಾನುವಾರ ಒಂದು ಕಾರ್ಟೂನನ್ನು ಕನ್ನಡದಲ್ಲಿ ಹಾಕಿ, ಅಡುಗೆಮನೆಯಲ್ಲಿರುವ ಅಜ್ಜಿಯನ್ನೂ ಕರೆದು ಮಗುವಿನ ಪಕ್ಕ ಕೂರಿಸಿ. ಕರಡಿ ಏನಂತು ಎಂದು ಈ ಸಲ ಆಕೆ ಯಾರನ್ನೂ ಕೇಳಬೇಕಾಗಿಲ್ಲ.