ಬಳಪದ ಕಲ್ಲಿನ ಮೇಲೆ ನಮ್ಮ ಹೆಸರು

ಸಾಲೆಯ ಸಹಲಿನ ಮಾತು ಬಂದಾಗಲೆಲ್ಲ ಹಂಪೆ ಬಾದಾಮಿಗಳ ಹೆಸರೇ ಮೊದಲು ಕೇಳಿಬರುವುದು. ರಾಣೆಬೆನ್ನೂರ ತಾಲೂಕಿನಲ್ಲಿಯೇ, ತುಂಗಭದ್ರೆಯ ದಂಡೆಯ ಮೇಲೆ, ಚೌಡಯ್ಯದಾನಪುರವೆಂಬ ಸಣ್ಣ ಹಳ್ಳಿಯಲ್ಲಿರುವ ಮುಕ್ತೇಶ್ವರನ ಗುಡಿಯನ್ನು ಎಷ್ಟು ಮಂದಿ ಪಾಲಕರು ತಮ್ಮ ಮಕ್ಕಳಿಗೆ ತೋರಿಸಿರುವರು? ಊರಿನ ಹೆಸರು ಅಂಬಿಗರ ಚೌಡಯ್ಯನದು. ಗುಡಿಯು ಒಂದೇ ಗರ್ಭಗೃಹದ್ದು, ದೊಡ್ಡದೇನೂ ಅಲ್ಲ. ಆದರೆ ಬುಡದಿಂದ ಶಿಖರದ ತುದಿಯ ವರೆಗೆ ಕೆತ್ತನೆಯಿಲ್ಲದ ಕಲ್ಲು ಅಪರೂಪ. ಬಳಿಯಲ್ಲಿ ನಿಲ್ಲಿಸಿರುವ ಎತ್ತರವಾದ ಶಾಸನದ ಕಲ್ಲುಗಳಲ್ಲಿ ಗುತ್ತಲದ ಗುತ್ತ ಅರಸರ ವೃತ್ತಾಂತವುಂಟು. ಶಿವದೇವನೆಂಬ ವಿರಕ್ತನು 1225ನೆಯ ಇಸವಿಯಲ್ಲಿ ಈ ಸ್ಥಳಕ್ಕೆ ಬಂದ ಸಂಗತಿಯೂ ಉಂಟು. ಎಲ್ಲವೂ ಕನ್ನಡವೇ.

ಬಾದಾಮಿಯ ಹಳೆಯ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಹನ್ನೊಂದನೆಯ ಶತಮಾನದಿಂದೀಚೆಗೆ ನಮ್ಮ ಸೀಮೆಯವರು ಬಳಪದ ಕಲ್ಲನ್ನು ಹಿಡಿದರು. ಅಣ್ಣಿಗೇರಿಯ ಅಮೃತೇಶ್ವರ, ಹಾವೇರಿಯಲ್ಲಿ ಪಡುವಣಕ್ಕೆ ಮುಖಮಾಡಿ ನಿಂತ ಸಿದ್ಧೇಶ್ವರ, ಇವೆಲ್ಲ ಆ ಬಗೆಯವು. ಮೆತ್ತಗಿನ ಕಲ್ಲಾದುದರಿಂದಲೇ ಉಳಿಯು ಅಕ್ಕಸಾಲಿಗನ ಕೈಯಂತೆ ಓಡಿತು. ಕಂಬಗಳು ತಿರುಗಣೆಗೆ ಹಿಡಿದಂತೆ ದುಂಡಗಾದವು. ಅದೇ ಕಾರಣದಿಂದ ಒಂದು ಮೊಳೆಯು ಸಹ ಅದನ್ನು ಕೆಡಿಸಬಲ್ಲದು.

ಇದನ್ನು ನಾವು ಪರರನ್ನು ದೂರುವುದಕ್ಕಾಗಿ ಬರೆಯುತ್ತಿಲ್ಲ. ನಾವೂ ಚಿಕ್ಕಂದಿನಲ್ಲಿ ಇಂಥದೊಂದು ಗುಡಿಯ ಕಂಬದ ಮೇಲೆ ಕೈವಾರದ ಮೊನೆಯಿಂದ ಹೆಸರನ್ನು ಗೀರಿ ಗೆಳತಿಯರಿಗೆ ತೋರಿಸಿ ನಕ್ಕವರೇ. ಮೂವತ್ತು ವರ್ಷಗಳ ತರುವಾಯ ಹೋಗಿ ನೋಡಲು ಆ ಅಕ್ಷರಗಳು ಇದ್ದ ಹಾಗೆಯೇ ಇದ್ದವು. ಸುತ್ತಲೂ ಬೇರೆ ಇಪ್ಪತ್ತು ಹೆಸರುಗಳು ಕೂಡಿದ್ದವು. ಅಂದಿನ ನಾಚಿಕೆಯನ್ನು ಹೇಳತೀರದು.

ಅದು ನಮ್ಮ ಪ್ರಾರ್ಥನೆಯ ಮನೆಯಲ್ಲವಲ್ಲ, ಅದರ ಗೊಡವೆ ನಮಗೇಕೆ ಎಂದು ಕೆಲವರು ಕೇಳಿಯಾರು. ನಾವು ಬರೆಯುವ ಲಿಪಿಯ ಹಿರಿಯ ರೂಪವು ಅಲ್ಲಿ ನಿಂತಿರುವಾಗ ಗೊಡವೆ ಇಲ್ಲವೆನ್ನುವುದು ಹೇಗೆ? ಇತ್ತ 1958ರ ಕಾನೂನು, 2010ರ ತಿದ್ದುಪಡಿಯೊಂದಿಗೆ, ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷಗಳ ವರೆಗೆ ಸೆರೆಯನ್ನಾಗಲಿ, ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸುತ್ತದೆ. ಆದರೆ ಗೀರಿದ ಕಲ್ಲು ದಂಡದಿಂದ ಮೊದಲಿನಂತಾಗದು.

ಆದಕಾರಣ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವೇನಂದರೆ, ಮುಂದಿನ ಸಹಲು ಚೌಡಯ್ಯದಾನಪುರಕ್ಕೆ ಆಗಲಿ. ತಾವೂ ಒಡನೆ ಬರಬೇಕು. ಹುಡುಗೆಯರು ಕೈವಾರವನ್ನು ಸಾಲೆಯಲ್ಲಿಯೇ ಬಿಟ್ಟು, ಒಂದೊಂದು ನೋಟುಬುಕ್ಕನ್ನೂ ಪೆನ್ಸಿಲನ್ನೂ ಹಿಡಿದು ಬರಲಿ.